ತಟ್ಟಮ್ಮನ ಕೈಗೆ ಸಿಕ್ಕ ಸುಳ್ಳು

ಬೆಳಗಾದರೆ ವೃದ್ಧಾಶ್ರಮದ ಕೋಣೆಕೋಣೆಗೂ ಹೋಗಿ ಮುದುಕರ ಸೊಂಟದ ಎರಡೂ ಬದಿ ಮೆಲ್ಲಗೆ ತಟ್ಟಿ ನೋಡುವುದು ಅವಳ ಕೆಲಸ. ಹಾಗಾಗಿ ಎಲ್ಲರೂ ಅವಳನ್ನು ತಟ್ಟಮ್ಮ ಎಂದೇ ಕರೆಯುತ್ತಿದ್ದರು. ಬಿದ್ದು ಸೊಂಟ ಮುರಿದುಕೊಳ್ಳುವವರು ಹೆಚ್ಚಾದಾಗ ಆಶ್ರಮದವರು ಎರಡೂ ಬದಿಗೆ ಗಟ್ಟಿ ಮೆತ್ತೆಯಿರುವ ಚಡ್ಡಿಗಳನ್ನು ತರಿಸಿದ್ದರು. ಬಿದ್ದರೆ ಪೆಟ್ಟು ಮೆತ್ತೆಗೆ, ಮೂಳೆ ಬಚಾವು. ಆದರೆ ತೊಟ್ಟರೆ ತಾನೇ? ಸೆಕೆ ಎಂದು ಒಬ್ಬರು, ಅವಸರಕ್ಕೆ ಬಿಚ್ಚಲಾಗುವುದಿಲ್ಲ ಎಂದು ಇನ್ನೊಬ್ಬರು ಅದನ್ನು ದಿಂಬಿನಡಿಗೆ ತುರುಕುತ್ತಿದ್ದರು. ಅದಕ್ಕೇ ತಟ್ಟಮ್ಮನ ಕಾವಲು.

"ಬಂದ್ಲಪ್ಪಾ ಪೊಲೀಸು!" ಎಂದು, ಒಂದು ಕಾಲಕ್ಕೆ ಬಸ್ಸು ಓಡಿಸಿದ್ದ ಡ್ರೈವರಜ್ಜ ಎರಡೂ ಕೈ ಮೇಲೆತ್ತಿ ನಿಲ್ಲುತ್ತಿದ್ದ. "ನೋಡ್ಕೋ ತಾಯಿ, ಕದ್ದ ಮಾಲು ಏನೂ ಇಲ್ಲ."

ತಟ್ಟಮ್ಮ ನಗುತ್ತಿದ್ದಳು. ಆದರೆ ನಗುವಾಗಲೂ ಅವಳ ಕಿವಿ ಪಕ್ಕದ ಕೋಣೆಯಲ್ಲಿರುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗೋಡೆಯಾಚೆ ಒಬ್ಬರು ಬಿದ್ದದ್ದನ್ನು ಕೇಳಿದ್ದಳು. ಮೂಟೆ ಇಳಿಸಿದಂಥ ಒಂದು ದಪ್ಪ ಸದ್ದು, ಆಮೇಲೆ ಏನೂ ಇಲ್ಲ. ನರಳಾಟವನ್ನಾದರೂ ತಡೆದುಕೊಳ್ಳಬಹುದಿತ್ತು, ಆ ಏನೂ ಇಲ್ಲದ್ದು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು.

ಮೂಲೆಯ ಕೋಣೆಯಲ್ಲಿ ಅಕ್ಕತಂಗಿಯರಿಬ್ಬರಿದ್ದರು. ಎಲ್ಲರ ಬಾಯಲ್ಲೂ ಅವರು ದೊಡ್ಡಮ್ಮ, ಚಿಕ್ಕಮ್ಮ. ಒಮ್ಮೆ ಜಾರಿ ಬಿದ್ದ ಮೇಲೆ ದೊಡ್ಡಮ್ಮನಿಗೆ ನೆಲ ಕಂಡರೇ ನಡುಕ. ಮಂಚ ಬಿಟ್ಟು ಇಳಿಯಲು ಒಲ್ಲೆನೆನ್ನುತ್ತಿದ್ದಳು. ಚಿಕ್ಕಮ್ಮ ಬದುಕಿಡೀ ಹೊಲಿಗೆ ಯಂತ್ರ ತುಳಿದವಳು. ಕೈಯೂ ಚುರುಕು, ನಾಲಿಗೆಯೂ ಚುರುಕು.

ಒಂದು ಬೆಳಿಗ್ಗೆ ತಟ್ಟಮ್ಮ ಬಂದಾಗ ದೊಡ್ಡಮ್ಮ ಕಿಟಕಿಯ ಸರಳು ಹಿಡಿದು ನಿಂತಿದ್ದಳು!

"ಏನ್ ದೊಡ್ಡಮ್ಮ, ಇದೇನು ಸವಾರಿ?"

"ಇವಳು ಚಡ್ಡಿ ಸರಿಮಾಡಿ ಕೊಟ್ಳು ಕಣೆ. ಈಗ ಬಿದ್ರೂ ಚೆಂಡಿನ ಹಾಗೆ ಪುಟಿದು ಎದ್ದೇಳ್ತೀನಂತೆ."

ತಟ್ಟಿದಾಗ ಮೆತ್ತೆ ಎಂದಿಗಿಂತ ದಪ್ಪವಾಗಿತ್ತು. ತಟ್ಟಮ್ಮ ಚಿಕ್ಕಮ್ಮನ ಕಡೆ ತಿರುಗಿದಳು. ಅವಳ ಸೊಂಟಕ್ಕೆ ಕೈ ತಾಗಿದ್ದೇ ಬೆರಳು ಒಳಕ್ಕೆ ಹೋಯಿತು. ಬರೀ ಬಟ್ಟೆ. ಅದರಡಿಗೆ ನೇರ ಮೂಳೆ.

ಚಿಕ್ಕಮ್ಮ ಅವಳ ಮಣಿಕಟ್ಟು ಹಿಡಿದು ಹೊರಗೆಳೆದು, ಬಾಗಿಲು ಮುಂದೆ ಮಾಡಿದಳು.

"ಬಾಯಿ ಬಿಟ್ಟೀಯ, ಜೋಕೆ! ನನ್ನ ಮೆತ್ತೆ ಬಿಚ್ಚಿ ಅವಳದಕ್ಕೆ ಸೇರಿಸಿ ಹೊಲ್ದಿದೀನಿ."

"ನೀವು ಬಿದ್ರೆ ಚಿಕ್ಕಮ್ಮ?"

"ನಾನ್ಯಾಕೆ ಬೀಳ್ತೀನಿ? ನೀನು ಹೋಗಿ ಹೇಳಿದ್ರೆ ಅವಳು ಮತ್ತೆ ಮಂಚ ಹತ್ತುತಾಳೆ. ಇಳಿಸೋಕೆ ನಿನ್ನ ಕೈಲಾಗುತ್ತಾ?"

ತಟ್ಟಮ್ಮ ಉಗ್ರಾಣದಲ್ಲಿ ಕೇಳಿದರೆ ಹೊಸ ಚಡ್ಡಿ ಇನ್ನೂ ಬಂದಿಲ್ಲ ಎಂದರು. ಮೇಲ್ವಿಚಾರಕಿಯ ಬಾಗಿಲವರೆಗೆ ಹೋದಳು, ಕಿಟಕಿಯ ಬಳಿ ನಿಂತ ದೊಡ್ಡಮ್ಮನ ಮುಖ ನೆನಪಾಗಿ ವಾಪಸು ಬಂದಳು. ಅಂದಿನಿಂದ ಅವಳ ಜೀವ ಅಂಗೈಯಲ್ಲಿ. ಚಿಕ್ಕಮ್ಮ ಬಚ್ಚಲಿಗೆ ಹೊರಟರೆ ಮುಂದೆ ಓಡಿ ನೆಲ ಒರೆಸುವಳು. ಕಾಲಿಗೆ ಸಿಗುವ ಚಾಪೆಗಳನ್ನೆಲ್ಲ ಸುತ್ತಿ ಅಟ್ಟಕ್ಕೆ ಹಾಕಿದಳು. ಬೇರೆಯವರ ಸೊಂಟ ತಟ್ಟುವಾಗಲೂ ಕಣ್ಣು ಮೂಲೆಯ ಕೋಣೆಯ ಕಡೆಗೇ.

"ಹೀಗೆ ಬೆನ್ನಿಗೆ ಬೀಳ್ಬೇಡ್ವೇ," ಎಂದು ಚಿಕ್ಕಮ್ಮ ಗದರಿದಳು. "ನಿನ್ನ ನೋಡಿ ನಂಗೂ ಕಾಲು ನಡುಗುತ್ತೆ."

ಆಗಿದ್ದು ಹಾಡಹಗಲು, ಒಣಗಿದ ನೆಲದ ಮೇಲೆ. ಒಗೆದ ಟವೆಲುಗಳನ್ನು ಎದೆಯೆತ್ತರ ಹೊತ್ತು ಚಿಕ್ಕಮ್ಮ ಕೋಣೆಯತ್ತ ಬರುತ್ತಿದ್ದಳು. ಮೊಗಸಾಲೆಯ ಈ ತುದಿಯಲ್ಲಿದ್ದ ತಟ್ಟಮ್ಮ ಚಿಕ್ಕಮ್ಮನ ಚಪ್ಪಲಿಯ ತುದಿ ಮಡಚಿಕೊಂಡದ್ದನ್ನು ಕಂಡಳು. ಟವೆಲುಗಳು ಚೆಲ್ಲಿದವು. ಆಮೇಲೆ ಅದೇ ಸದ್ದು.

ಓಡಿ ಹೋಗಿ ಮಂಡಿಯೂರಿದಾಗ ಚಿಕ್ಕಮ್ಮನ ಬಲಪಾದ ಹೊರಕ್ಕೆ ಹೊರಳಿ ಬಿದ್ದಿತ್ತು.

ಒಳಗಿನಿಂದ ದೊಡ್ಡಮ್ಮ ಕೂಗಿದಳು: "ಹುಡುಗೀ, ಏನೇ ಅದು ಸದ್ದು?"

ಚಿಕ್ಕಮ್ಮನ ತುಟಿ ಬಿಳಿಚಿತ್ತು. "ಕುರ್ಚಿ... ಬಿತ್ತು ಅನ್ನೇ."

"ಕುರ್ಚಿ ಬಿತ್ತು ದೊಡ್ಡಮ್ಮ," ಎಂದಳು ತಟ್ಟಮ್ಮ. ಆ ದನಿ ಅವಳಿಗೇ ಗುರುತು ಸಿಗಲಿಲ್ಲ.

ಆಂಬುಲೆನ್ಸಿನವರು ಸ್ಟ್ರೆಚರ್ ಎತ್ತುವಷ್ಟರಲ್ಲಿ ಬಾಗಿಲು ತೆರೆಯಿತು. ದೊಡ್ಡಮ್ಮ ಒಬ್ಬಳೇ ಚೌಕಟ್ಟು ಹಿಡಿದು ನಿಂತಿದ್ದಳು.

"ಕುರ್ಚೀನ ಎಲ್ಲಿಗೆ ಹೊತ್ಕೊಂಡು ಹೋಗ್ತಿದೀರಾ?"

ಸ್ಟ್ರೆಚರ್ ಮುಂದೆ ಸಾಗಿತು.

ಅಂದೇ ತಟ್ಟಮ್ಮ ಮೇಲ್ವಿಚಾರಕಿಯ ಮುಂದೆ ನಿಂತು ಎಲ್ಲ ಹೇಳಿದಳು. ಬೈಗುಳ ತಿಂದಳು, ಕೆಲಸ ಉಳಿಯಿತು. ದೊಡ್ಡಮ್ಮನಿಗೂ ಹೇಳಲೇಬೇಕಾಯಿತು. ದೊಡ್ಡಮ್ಮ ಅಳಲಿಲ್ಲ. ಕತ್ತರಿ ಇಸಿದುಕೊಂಡು, ತನ್ನ ಚಡ್ಡಿಗೆ ತಂಗಿ ಹಾಕಿದ್ದ ಹೊಲಿಗೆಯನ್ನು ಒಂದೊಂದೇ ಬಿಚ್ಚತೊಡಗಿದಳು. ಆಸ್ಪತ್ರೆಯಲ್ಲಿ ಅವತ್ತೇ ತಂಗಿಗೆ ಆಪರೇಷನ್. "ಹೋಗಿಬಿಟ್ಲೇನೇ?" ಎಂದು ನಡುನಡುವೆ ಕೇಳುವಳು. "ಇಲ್ಲ ದೊಡ್ಡಮ್ಮ," ಎನ್ನುವಾಗ ತಟ್ಟಮ್ಮನಿಗೂ ಅದು ನಿಜವೋ ಗೊತ್ತಿರಲಿಲ್ಲ.

ಚಿಕ್ಕಮ್ಮ ಬದುಕಿ ಬಂದಳು, ಗಾಲಿಕುರ್ಚಿಯಲ್ಲಿ. ಮೊದಲ ಸಲ ಎಬ್ಬಿಸಿ ನಿಲ್ಲಿಸಿದ ದಿನ ದೊಡ್ಡಮ್ಮನೇ ತಂಗಿಯ ಸೊಂಟ ಮುಟ್ಟಿ, ಮೆತ್ತೆ ಗಟ್ಟಿಯಿದೆಯೇ ಎಂದು ಒತ್ತಿ ನೋಡಿದಳು. ಚಿಕ್ಕಮ್ಮನ ಚುರುಕು ನಾಲಿಗೆ ಒಣಗಿಹೋಗಿತ್ತು. ನೆಲವನ್ನೇ ನೋಡುತ್ತ, "ಅಕ್ಕಾ, ಬಿಡ್ಬೇಡ್ವೇ," ಎಂದಳು.

"ಬಿಡಲ್ಲ, ಬಾ," ಎಂದು ದೊಡ್ಡಮ್ಮ ಅವಳ ಕೈ ಹಿಡಿದು ಬಾಗಿಲಿನತ್ತ ಒಂದು ಹೆಜ್ಜೆ ಇಟ್ಟಳು. ತಟ್ಟಮ್ಮ ಇಬ್ಬರ ಹಿಂದೆ ಎರಡೂ ತೋಳು ಚಾಚಿಕೊಂಡು ನಡೆದಳು. ಬಾಗಿಲು ಬಹಳ ದೂರವಿದ್ದಂತೆ ಕಾಣುತ್ತಿತ್ತು.