ಮರವಂತೆಯಲ್ಲಿ ಗಾಳಿ ಇತ್ತೇ?

ಬ್ರಹ್ಮಾವರದಿಂದ ಬೆಳಿಗ್ಗೆ ಏಳೂವರೆಗೆ ಹೊರಟೆ. ಏಳೂಕಾಲೂ ಆಗಿರಬಹುದು. ಹೆಗಲಲ್ಲಿ ಕ್ಯಾಮೆರಾ, ಚೀಲದಲ್ಲಿ ಎರಡು ಬನ್ಸ್. ಇಪ್ಪತ್ತು ವರ್ಷಗಳಿಂದ ಮದುವೆ ವಿಡಿಯೋ ತೆಗೆಯುವುದು ನನ್ನ ಕೆಲಸ. ಹೋದ ತಿಂಗಳು ಒಬ್ಬ ಮದುಮಗಳ ಅಪ್ಪ ಫೋನ್ ಮಾಡಿ, "ಎಂತ ಮರಾಯ್ರೆ, ಧಾರಿ ವಿಡಿಯೋ ಕಂಡ್ರೆ ತಲಿ ತಿರಗ್ತ್" ಎಂದರು. ಲೆನ್ಸ್ ಸರಿ ಇಲ್ಲ ಎಂದೆ. ಆಮೇಲೆ ಲೆನ್ಸ್ ಬದಲಿಸಿ ನೋಡಿದೆ. ಅದೇ ಸಣ್ಣ ನಡುಕ. ನಾನು ನಿಲ್ಲುವ ರೀತಿಯ ತಪ್ಪೋ, ಕೈಯದೋ? ಮುಂದಿನ ವಾರದ ಮದುವೆಯನ್ನು ಒಪ್ಪಿಕೊಂಡಾಗಿತ್ತು. ಅದಕ್ಕೆ ಮೊದಲು ತಿಳಿಯಬೇಕಿತ್ತು. ಗುರುತಿನವರ ಎದುರು ಈ ಪರೀಕ್ಷೆ ಬೇಡವೆನಿಸಿ ಉಪ್ಪುಂದದ ದಾರಿ ಹಿಡಿದೆ.

ಕುಂದಾಪುರಕ್ಕೆ ಇಪ್ಪತ್ತೈದು ಕಿಲೋಮೀಟರ್ ಇರಬಹುದು. ಬಸ್ಸಿನ ಕಿಟಕಿಗೆ ಮೊಣಕೈ ಒತ್ತಿ ವಿಡಿಯೋ ತೆಗೆದೆ. ಕಂಡಕ್ಟರ್ ನಕ್ಕ. "ನಮ್ ಬಸ್ಸಂಗೆ ಮೊಸ್ರ್ ತಕಂಡ್ ಹತ್ರೆ ಇಳುವತಿಗೆ ಬೆಣ್ಣಿ ಆತ್ತ್. ಇಲ್ಲ್ ಎಂತ ವಿಡಿಯೋ?" ನನಗೆ ಸಮಾಧಾನವಾಯಿತು. ಈ ನಡುಕ ಬಸ್ಸಿನದು.

ಬಸ್ಸು ಬದಲಿಸಿ ತಲ್ಲೂರಿನಲ್ಲಿ ಇಳಿದೆ. ಹೊಳೆಬದಿಯಲ್ಲಿ ಮಂಡಿ ತುಸು ಬಗ್ಗಿಸಿ, ಹಿಮ್ಮಡಿ ಮೊದಲು ಊರಿ, ಕಳ್ಳನ ಹಾಗೆ ನಡೆಯುತ್ತ ಚಿತ್ರೀಕರಿಸಿದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು ನನ್ನ ಸೊಂಟ ನೋಡಿ ಕೂಗಿದರು: "ಹ್ವಾಯ್, ಸ್ವಾಂಟ ಹಿಡ್ದಿತಾ?" ನಡುಕ ಇತ್ತು. ಅದು ನಡಿಗೆಯದು ಎಂದು ಬರೆದುಕೊಂಡೆ.

ಮರವಂತೆಯಲ್ಲಿ ತೆಂಗಿನ ಮರಕ್ಕೆ ಬೆನ್ನು ಕೊಟ್ಟು, ಮೊಣಕೈಗಳನ್ನು ಪಕ್ಕೆಲುಬಿಗೆ ಒತ್ತಿ, ಉಸಿರು ಹಿಡಿದು ನಿಂತೆ. ಆಗಲೂ ಇತ್ತು. "ಗಾಳಿ ಜೋರು" ಎಂದು ಬರೆದೆ. ಕೂದಲು ಕಣ್ಣಿಗೆ ಬಿದ್ದದ್ದು ಈಗಲೂ ನೆನಪಿದೆ.

ಮಧ್ಯಾಹ್ನ ಉಪ್ಪುಂದ ತಲುಪಿ ಬಂಗುಡೆ ಸಾರಿನಲ್ಲಿ ಊಟ ಮುಗಿಸಿದೆ. ಬಿಸಿಲಿಗೆ ಕಡಲತೀರ ಬೆಳ್ಳಗಾಗಿತ್ತು. ನೀಲಿ ಟಾರ್ಪಾಲಿನ ಕೆಳಗೆ ಮಂಜಣ್ಣ ಎಂಬ ಹಿರಿಯ ಮೀನುಗಾರರು ಹರಿದ ಬಲೆ ಹೊಲಿಯುತ್ತಿದ್ದರು. ಬಲೆಯ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಬಿಗಿಯಾಗಿ ಎಳೆದು ಹಿಡಿದಿದ್ದರು. ಅಷ್ಟು ಸಡಿಲವಾದ ವಸ್ತು ಅಲ್ಲಿ ಹಲಗೆಯ ಹಾಗೆ ನಿಂತಿತ್ತು. ನಾನೂ ಒಂದು ಮಾರು ನೈಲಾನ್ ಹಗ್ಗ ಕೇಳಿದೆ.

"ಎಂತಕ್?"

"ಕ್ಯಾಮೆರಾ ಅಲುಗದ ಹಾಗೆ ಹಿಡಿಯೋದಕ್ಕೆ."

ಹಗ್ಗದ ಒಂದು ತುದಿಯನ್ನು ಕ್ಯಾಮೆರಾದ ಅಡಿಗೆ ಕಟ್ಟಿದೆ, ಇನ್ನೊಂದನ್ನು ಪಾದದಡಿ ಒತ್ತಿ ಮೇಲಕ್ಕೆ ಎಳೆದು ನಿಂತೆ. ಹಗ್ಗ ಬಿಗಿಯಾಯಿತು. ಮಂಜಣ್ಣ ಅದನ್ನೇ ನೋಡುತ್ತಿದ್ದರು. ಆಮೇಲೆ ಹಗ್ಗದ ಮೇಲೆ ಒಂದು ಬೆರಳು ಇಟ್ಟರು.

"ಗಾಳಕ್ಕೆ ಮೀನ್ ಕಚ್ಚ್‌ದಂಗ್ ಆತ್ತಲೆ ಮರಾಯ್ರೆ!"

"ಗಾಳಿ," ಎಂದೆ.

ಅವರು ಟಾರ್ಪಾಲಿನ ಅಂಚನ್ನು ನೋಡಿದರು. ಅದು ಸುಮ್ಮನೆ ಇಳಿಬಿದ್ದಿತ್ತು. "ಗಾಳಿ ಇಲ್ಲ್ಯಲೆ," ಎಂದರು, ಈ ಸಲ ಮೆತ್ತಗೆ. "ಕೊಡಿ, ನಾನೊಂದ್ ಕಾಂತೆ."

ಅವರು ಹಗ್ಗವನ್ನು ಹೆಬ್ಬೆರಳಿಗೆ ಸಿಕ್ಕಿಸಿ ಒಂದು ನಿಮಿಷ ವಿಡಿಯೋ ತೆಗೆದರು. ಹೊರಡುವಾಗ ಹಗ್ಗವನ್ನು ನನಗೇ ಕೊಟ್ಟರು. ಕೊಟ್ಟರೋ, ನಾನೇ ಬಿಚ್ಚುವುದನ್ನು ಮರೆತೆನೋ.

ಹಿಂದಿರುಗುವಾಗ ಬಸ್ಸು ಕುಂದಾಪುರದಲ್ಲಿ ತುಂಬ ಹೊತ್ತು ನಿಂತಿತು. ಕ್ಯಾಮೆರಾವನ್ನು ಪಕ್ಕದ ಸೀಟಿನ ಮೇಲಿಟ್ಟು ದಿನದ ಚಿತ್ರಗಳನ್ನೆಲ್ಲ ನೋಡಿದೆ. ಮರವಂತೆಯಲ್ಲಿ ಕಡಲು, ದೋಣಿ, ತೆಂಗು ಎಲ್ಲವೂ ಒಟ್ಟಿಗೆ ನಡುಗುತ್ತವೆ. ಒಂದು ಗರಿಯೂ ತನ್ನಷ್ಟಕ್ಕೆ ಅಲುಗುವುದಿಲ್ಲ. ಹಾಗಾದರೆ ಕಣ್ಣಿಗೆ ಬಿದ್ದ ಆ ಕೂದಲು?

ಕೊನೆಯದು ಮಂಜಣ್ಣನವರದು. ಬಲೆ, ಮರಳು, ಟಾರ್ಪಾಲು ಎಲ್ಲ ಕೆತ್ತಿಟ್ಟ ಹಾಗಿವೆ. ಅಂಚಿನಲ್ಲಿ ನಾನು ನಿಂತು ಗಾಳಿಯ ಬಗ್ಗೆ ಏನೋ ವಿವರಿಸುತ್ತಿದ್ದೇನೆ. ಇಡೀ ಚಿತ್ರದಲ್ಲಿ ಅಲುಗುತ್ತಿರುವುದು ಎರಡೇ: ನನ್ನ ಬಾಯಿ, ಮತ್ತು ಪಕ್ಕದಲ್ಲಿ ಇಳಿಬಿದ್ದ ಬಲಗೈ.

ಬಸ್ಸು ಹೊರಡುವ ಮೊದಲು, ಎಡಗೈಯಲ್ಲಿ ಫೋನ್ ಹಿಡಿದು, ಮುಂದಿನ ವಾರದ ಮದುವೆಯವರಿಗೆ ಬೇರೆಯವರನ್ನು ನೋಡಿಕೊಳ್ಳಲು ಹೇಳಿದೆ.

"ಎಂತ ಆಯ್ತ್?" ಎಂದು ಕೇಳಿದರು.

ಲೆನ್ಸ್ ಸರಿ ಇಲ್ಲ ಎಂದೆ.