ಸೂತಕದ ಮನೆಯ ಸೊಪ್ಪು

ಸಾವಿರದ ಒಂಬೈನೂರ ಹದಿನೆಂಟರ ಆ ಹಾಳು ಜ್ವರ ಕಾನಕಾನಹಳ್ಳಿ ಸೀಮೆಯಲ್ಲೆಲ್ಲ ಹಬ್ಬಿ, ದೊಡ್ಡಆಲಹಳ್ಳಿಯ ಮುನಿಯಮ್ಮನ ಗಂಡ ಸಿದ್ದಯ್ಯನನ್ನು ಮೂರೇ ದಿನದಲ್ಲಿ ಹೊತ್ತುಕೊಂಡು ಹೋಯಿತು. ಮಕ್ಕಳಿಲ್ಲದ ಮನೆ. ಉಳಿದದ್ದು ಅವಳು, ಮತ್ತು ಇನ್ನೊಂದು ವಾರಕ್ಕೆ ಗೂಡು ಕಟ್ಟಬೇಕಿದ್ದ ಆರು ತಟ್ಟೆ ರೇಷ್ಮೆಹುಳು.

ಸೂತಕದವರು ಹುಳ ಮುಟ್ಟಬಾರದು, ಅದರ ಮೇವಿನ ಹಿಪ್ಪುನೇರಳೆ ಸೊಪ್ಪು ಕೊಯ್ಯಬಾರದು. ಮುಟ್ಟಿದರೆ ಹುಳಕ್ಕೆ ರೋಗ ತಗಲುತ್ತದೆ ಎಂಬುದು ಕಟ್ಟಳೆ. ಹೆಣಕ್ಕೆ ಹೆಗಲು ಕೊಡಲು ನಾಲ್ಕು ಜನ ಸಿಗದ ಊರಿನಲ್ಲಿ ಕಟ್ಟಳೆ ಹೇಳುವವರಿಗೇನೂ ಬರವಿರಲಿಲ್ಲ. ಮುನಿಯಮ್ಮ ಅಂಜುಬುರುಕಿ. ಹುಳದ ಕೋಣೆಯ ಬಾಗಿಲೆಳೆದು ಜಗುಲಿಯಲ್ಲಿ ಕೂತಳು. ಮೂರನೆಯ ದಿನಕ್ಕೆ ಹುಳುಗಳೆಲ್ಲ ಹಸಿದು ಸತ್ತವು. ಅವಳು ಅಳಲಿಲ್ಲ. ಗಂಡ ಹೋದಾಗಲೂ ಅತ್ತಿರಲಿಲ್ಲ. ಅಳುವುದಕ್ಕೂ ಎದುರಿಗೊಬ್ಬರು ಬೇಕಲ್ಲ! ಅವಳ ಬಾಗಿಲ ಕಡೆ ಯಾರೂ ತಲೆ ಹಾಕಲಿಲ್ಲ.

ಆರನೆಯ ದಿನ ಒಂಟಿತನ ತಡೆಯಲಾರದೆ ತೋಟಕ್ಕೆ ಹೋದಳು. ಹಿಪ್ಪುನೇರಳೆ ಯಾರ ಸಾವೂ ಗೊತ್ತಿಲ್ಲದ ಹಾಗೆ ಚಿಗುರಿ ನಿಂತಿತ್ತು. ಅವಳಿಗೆ ಸಿಟ್ಟು ಬಂತು.

"ಯಾರ್ಗೋಸ್ಕರ ಬೆಳೀತೀಯೆ?" ಎಂದು ಗಿಡವನ್ನೇ ಬೈದಳು.

ತಲೆ ಎತ್ತಿದರೆ, ಬೇಲಿಯಾಚೆ ಒಂಟಿ ಹೆಂಗಸು ಯಲ್ಲಮ್ಮನ ಸೂರಿನ ಮೇಲೆ ಒಲೆಯ ಹೊಗೆ ಕಾಣಲಿಲ್ಲ. ಹೋಗಿ ನೋಡಿದಳು. ಯಲ್ಲಮ್ಮ ಜ್ವರದಲ್ಲಿ ಚಾಪೆ ಹಿಡಿದಿದ್ದಳು.

"ಮುನಿಯಕ್ಕಾ, ಒಳೀಕೆ ಬರಬ್ಯಾಡ. ಹುಳ ಐತೆ."

"ಸೊಪ್ಪು ಹಾಕಿದ್ದು ಯಾವಾಗವ್ವ?"

"ನೆನ್ನೆ ಬೆಳಿಗ್ಗೆ. ಏಳಕ್ಕಾಗ್ನಿಲ್ಲ ಕಣಕ್ಕ."

ಮುನಿಯಮ್ಮ ಹೊಸ್ತಿಲಲ್ಲೇ ನಿಂತಳು. ತಾನು ಒಳಗೆ ಹೋಗಿ ಹುಳ ಸತ್ತರೆ ಊರು ಸುಮ್ಮನೆ ಬಿಡುವುದಿಲ್ಲ. ಹೋಗದಿದ್ದರೆ ಹೇಗೆ ಸಾಯುತ್ತವೆಂದು ಕಣ್ಣಾರೆ ಕಂಡಿದ್ದಳು. ತೋಟಕ್ಕೆ ಓಡಿ ಮಡಿಲು ತುಂಬ ಸೊಪ್ಪು ಕೊಯ್ದಳು. ಗಿಡವೇನೂ ಅವಳ ಕೈ ಸೂತಕದ್ದೋ ಅಲ್ಲವೋ ಎಂದು ಕೇಳಲಿಲ್ಲ. ಬಂದವಳೇ ಯಲ್ಲಮ್ಮನಿಗೆ ಗಂಜಿ ಕಾಯಿಸಿ ಕುಡಿಸಿ, ತಟ್ಟೆಗಳಿಗೆ ಸೊಪ್ಪು ಹರಡಿದಳು.

ತಲೆ ಎತ್ತಿ ಕಾದಿದ್ದ ಹುಳುಗಳು ಮೇಯತೊಡಗಿದವು. ಮಳೆ ಹನಿಯುವಂಥ ಸಣ್ಣ ಸದ್ದು. ತನ್ನವಕ್ಕೂ ಇಷ್ಟೇ ಸಾಕಿತ್ತಲ್ಲ, ಒಂದು ಮಡಿಲು ಸೊಪ್ಪು! ಗಂಡ ಹೋದಂದು ಬಾರದ ಅಳು ಈಗ ಒತ್ತರಿಸಿ ಬಂತು. ತಟ್ಟೆಯ ಪಕ್ಕದಲ್ಲೇ ಕುಸಿದು ಕೂತಳು.

"ಯಾಕಕ್ಕಾ ಅಳ್ತೀಯ? ಸತ್ತೋದ್ವಾ?" ಯಲ್ಲಮ್ಮ ಚಾಪೆಯಿಂದಲೇ ಗಾಬರಿಯಾಗಿ ಕೇಳಿದಳು.

"ಇಲ್ಲ ಕಣವ್ವ, ತಿಂತಾವೆ. ನೀನು ಮನಿಕೊ."