ರಾಟೆ ಗುರುತಿನ ಹತ್ತರಿ

ಮರ ಕೀಸುವ ಹತ್ತರಿ ಕೊಳ್ಳುವವನು ಮೊದಲು ಅದರ ಅಡಿ ನೋಡಬೇಕು. ಕಣ್ಣಿನ ಮಟ್ಟಕ್ಕೆ ಎತ್ತಿ, ಬೆಳಕಿಗೆ ಹಿಡಿದು, ಅಡಿ ಸಮವಾಗಿದೆಯೇ ಎಂದು ಪರೀಕ್ಷಿಸಬೇಕು. ಆಮೇಲೆ ಬಾಯಿ, ಅಲಗು ಹೊರಗೆ ಇಣುಕುವ ಆ ಸಂದು ಕಿರಿದಾಗಿದ್ದಷ್ಟೂ ಒಳ್ಳೆಯದು. ಕಡೆಗೆ ಅಲಗನ್ನು ಬಿಚ್ಚಿ, ಉಗುರಿನಿಂದ ತಟ್ಟಿ, ಅದರ ದನಿ ಕೇಳಬೇಕು. ಇದನ್ನೆಲ್ಲ ನನಗೆ ಕಲಿಸಿದವರು ನನ್ನ ಅಕ್ಕನ ಗಂಡ, ನನ್ನ ಭಾವ. ಇಷ್ಟೆಲ್ಲ ಗೊತ್ತಿದ್ದೂ ನನ್ನ ದುಡಿಮೆಯ ಮೊದಲ ಹತ್ತರಿಯನ್ನು ಕೊಳ್ಳುವಾಗ ನಾನು ಇದರಲ್ಲಿ ಒಂದನ್ನೂ ನೋಡಲಿಲ್ಲ. ಅದರ ಮೇಲೆ ಒತ್ತಿದ್ದ ಮುದ್ರೆ ನೋಡಿದೆ, ತೆಗೆದುಕೊಂಡೆ. ಅದಕ್ಕಾಗಿ ನನಗೆ ಇವತ್ತಿಗೂ ನಾಚಿಕೆಯಿಲ್ಲ.

ನಾವು ಗುಂಡ್ಲುಪೇಟೆ ಕಡೆಯ ಆಚಾರಿಗಳು. ಊಟಿಯಲ್ಲಿ ಬಂಗಲೆಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲದಲ್ಲಿ ಭಾವ ಮಸಿನಗುಡಿಯ ದಾರಿಯಾಗಿ ಬೆಟ್ಟ ಹತ್ತಿ ಬಂದು, ಮಾರ್ಕೆಟ್ಟಿನ ಹಿಂದಿನ ಇಳಿಜಾರಿನಲ್ಲಿ ಒಂದು ಕೊಟ್ಟಿಗೆ ಹಿಡಿದಿದ್ದರು. ಮುಂದೆ ಮರಗೆಲಸ, ಹಿಂದೆ ಸಂಸಾರ. ನಾನು ಬೆಳೆದ ಮೇಲೆ ನನ್ನನ್ನೂ ಕರೆಸಿಕೊಂಡರು. ಅವರ ಹತ್ತಿರ ಇಂಗ್ಲೆಂಡಿನ ಕಬ್ಬಿಣದ ಹತ್ತರಿಯೊಂದಿತ್ತು. ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಮರಳುವಾಗ ಇವರ ಕೆಲಸ ಮೆಚ್ಚಿ ಕೊಟ್ಟಿದ್ದು. ಆಯುಧಪೂಜೆಯ ದಿನ ಮೊದಲ ಕುಂಕುಮ ಅದಕ್ಕೇ. ಕೆಲಸ ಮುಗಿದೊಡನೆ ಅದಕ್ಕೆ ಎಣ್ಣೆ ಸವರಿ, ಅಕ್ಕನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಡುತ್ತಿದ್ದರು. ನಾನು ಹತ್ತರಿ ಹಿಡಿಯಲು ಕಲಿತದ್ದೂ ಅದರಲ್ಲೇ.

ಆ ವರ್ಷಗಳಲ್ಲಿ ಸ್ವದೇಶಿಯ ಮಾತು ಬೆಟ್ಟದ ಮೇಲಕ್ಕೂ ಬಂದಿತ್ತು. ಒಂದು ಸಂತೆಯ ದಿನ ಮಾರ್ಕೆಟ್ಟಿನ ಮೂಲೆಯಲ್ಲಿ ಕೊಯಮತ್ತೂರಿನಿಂದ ಬಂದ ಒಬ್ಬರು ಆಲೂಗೆಡ್ಡೆಯ ಮೂಟೆಗಳ ಮೇಲೆ ನಿಂತು ತಮಿಳಿನಲ್ಲಿ ಮಾತಾಡಿದರು. ಪರದೇಶದ ಸಾಮಾನು ಇನ್ನು ಕೊಳ್ಳುವುದಿಲ್ಲ ಎನ್ನುವವರು ಕೈ ಎತ್ತಿ ಎಂದರು. ನಾನು ಎತ್ತಿದೆ. ಮನೆಗೆ ಬಂದು ಮಿಲ್ಲಿನ ಅಂಗಿ ಬಿಚ್ಚಿ ಖಾದಿ ತೊಟ್ಟೆ. ಊಟಿಯ ಚಳಿಗೆ ಈ ಗೋಣಿ ಸಾಲುತ್ತದೆಯೇ ಎಂದು ಅಕ್ಕ ಗೊಣಗಿದಳು. ಮಾರನೆಯ ದಿನ ನಾನು ಭಾವನ ಹತ್ತರಿಯಿಂದ ಕಿಟಕಿಯ ಚೌಕಟ್ಟು ಕೀಸುತ್ತಿದ್ದಾಗ ಅವರು ಹತ್ತಿರ ಬಂದು ನಿಂತರು.

"ಅಂಗಿ ಏನೋ ಆಯ್ತು. ಕೈಲಿರೋದು ಯಾವ ದೇಸದ್ದು?"

ನಾನು ಹತ್ತರಿಯನ್ನು ಪಕ್ಕಕ್ಕೆ ಮಲಗಿಸಿದೆ. "ಇನ್ಮೇಲೆ ಮುಟ್ಟಕಿಲ್ಲ ಭಾವ."

"ಮುಟ್ಬ್ಯಾಡ, ಬುಡು. ಕಬ್ಬುಣಕ್ಕೆ ಜಾತಿನೂ ಇಲ್ಲ, ದೇಸಾನೂ ಇಲ್ಲ ಕನಪ್ಪ."

"ಕಬ್ಬುಣಕ್ಕಿಲ್ದಿದ್ರೂ ನಂಗದೆ."

ಅವರಿಗೆ ನೋವಾಯಿತೆಂದು ನನಗೆ ಗೊತ್ತಾಯಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಜಾಯಮಾನ ನನ್ನದಲ್ಲ, ಅವರದೂ ಅಲ್ಲ.

ಅದೇ ವಾರ ಹುಬ್ಬತಲೈ ಎಂಬ ಹಳ್ಳಿಯಿಂದ ಕೆಲಸ ಬಂತು. ಅಲ್ಲಿನ ಬಡಗರ, ಎಂದರೆ ಈ ಬೆಟ್ಟದ ಬೇಸಾಯಗಾರರ, ಹಿರಿಯರೊಬ್ಬರು ಹೊಸ ಮನೆ ಕಟ್ಟಿಸುತ್ತಿದ್ದರು. ಅದಕ್ಕೆ ಗೂಡಲೂರಿನ ತೇಗದ ಬಾಗಿಲುಗಳಾಗಬೇಕಿತ್ತು. ಭಾವನಿಗೆ ಬಂಗಲೆಯೊಂದರ ಕೆಲಸವಿದ್ದುದರಿಂದ ಇದನ್ನು ನಾನೊಬ್ಬನೇ ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಹತ್ತರಿ ಬೇಕಾಯಿತು. ದೊಡ್ಡ ರಸ್ತೆಯ ಸಾಯಬರ ಕಬ್ಬಿಣದಂಗಡಿಗೆ ಹೋದೆ.

ಸಾಯಬರು ಮೇಜಿನ ಮೇಲೆ ಮೂರು ಹತ್ತರಿ ಸಾಲಾಗಿ ಇಟ್ಟರು: ಇಂಗ್ಲೆಂಡಿನದು, ಜರ್ಮನಿಯದು, ಅಮೆರಿಕದ್ದು. ಮೂರೂ ಕನ್ನಡಿಯಂತೆ ಹೊಳೆಯುತ್ತಿದ್ದವು. ಅಮೆರಿಕದ್ದರ ಹಿಡಿ ನನ್ನ ಕೈಗೇ ಅಳತೆ ತೆಗೆದು ಮಾಡಿದಂತಿತ್ತು. ಒಂದು ಗಳಿಗೆ ಹಿಡಿದುಕೊಂಡೆ. ಆಮೇಲೆ ಕೆಳಗಿಟ್ಟೆ.

"ನಮ್ಮ ದೇಸದ್ದು ಇಲ್ವ?"

ಸಾಯಬರು ನನ್ನ ಖಾದಿಯನ್ನು ನೋಡಿದರು. ತಮಿಳು ಬೆರೆತ ಕನ್ನಡ ಅವರದು. "ಇರುಕ್ಕು, ಆಚಾರಿಯಾರೇ. ಯಾರೂ ಕೇಳೋದಿಲ್ಲ." ಒಳಗಿನಿಂದ ಮರದ ಮೈಯ ಹತ್ತರಿಯೊಂದನ್ನು ತಂದು ಧೂಳು ಊದಿದರು. ಮರದ ಮೇಲೂ ಅಲಗಿನ ಮೇಲೂ ರಾಟೆಯ ಮುದ್ರೆ, ಕೆಳಗೆ ತಮಿಳಿನಲ್ಲಿ 'ಸ್ವದೇಶಿ' ಎಂಬ ಅಕ್ಷರ. ನನ್ನ ಎದೆ ಉಬ್ಬಿತು.

"ಒಳ್ಳೇದಂತ ನಾನು ಹೇಳಲಿಲ್ಲ. ನಾಳೆ ಬಂದು ಕೇಳಬಾರದು," ಎಂದರು ಸಾಯಬರು.

"ಕೇಳಾಕಿಲ್ಲ," ಎಂದೆ. ನಿಜಕ್ಕೂ ಕೇಳಲಿಲ್ಲ.

ಹುಬ್ಬತಲೈಯಲ್ಲಿ ಆ ಹಿರಿಯರ ಅಂಗಳದಲ್ಲೇ ಕೆಲಸ ಹೂಡಿದೆ. ಮೊದಲ ಹಲಗೆಯ ಮೇಲೆ ಹತ್ತರಿ ಇಟ್ಟು ತಳ್ಳಿದರೆ ಅದು ಕತ್ತೆಯ ಹಾಗೆ ಕುಪ್ಪಳಿಸಿತು. ಅಲಗು ಸ್ವಲ್ಪ ಇಳಿಸಿದರೆ ಮರವನ್ನು ಕಿತ್ತು ಬರುತ್ತಿತ್ತು, ಏರಿಸಿದರೆ ಮೇಲೆ ಮೇಲೆ ಜಾರುತ್ತಿತ್ತು. ಸಾಣೆ ಹಿಡಿದು ಹಿಡಿದು ನನ್ನ ತೋಳು ಸೋತಿತು; ನಾಲ್ಕು ಸಲ ತಳ್ಳುವಷ್ಟರಲ್ಲಿ ಮೊನೆ ಮಡಚಿಕೊಳ್ಳುತ್ತಿತ್ತು. ಹಿರಿಯರು ಹೊದಿಕೆ ಹೊದ್ದು ಜಗಲಿಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. ಅವರ ಬಡಗ ಮಾತನ್ನು ಕೈಲಾದಷ್ಟು ನಮ್ಮ ಮಾತಿಗೆ ತಂದು ಬರೆಯುತ್ತಿದ್ದೇನೆ.

"ಆಚಾರಿ, ಮರ ಕೀಸುತ್ತೀಯೋ, ಅದರ ತೊಗಲು ಸುಲಿಯುತ್ತೀಯೋ?"

"ಹೊಸ ಹತ್ತರಿ, ಅಯ್ಯ. ಪಳಗ್ಬೇಕು."

ಅವರು ಎದ್ದು ಬಂದು ಮುದ್ರೆಯ ಮೇಲೆ ಬೆರಳಾಡಿಸಿದರು. "ರಾಟೆ ನೂಲುವುದಕ್ಕೆ ಇರುವುದು. ಮರ ಕೀಸು ಎಂದರೆ ಅದೇನು ಮಾಡೀತು? ಸೋಮವಾರ ನಾವು ನೇಗಿಲು ಮುಟ್ಟುವುದಿಲ್ಲ. ನೀನು ಇದನ್ನು ಯಾವ ವಾರವೂ ಮುಟ್ಟದಿದ್ದರೆ ಒಳ್ಳಿತು."

ಅಂಗಳದಲ್ಲಿ ಚಹಾದ ಎಲೆ ಹಸನು ಮಾಡುತ್ತಿದ್ದ ಹೆಂಗಸರು ಮುಖ ತಿರುಗಿಸಿಕೊಂಡು ನಕ್ಕರು. ನಿನ್ನ ಭಾವನ ಹತ್ತರಿ ತಂದುಬಿಡು ಎಂದು ಹಿರಿಯರು ಹೇಳಿದರು. ಅದಾಗುವುದಿಲ್ಲ, ಆದರೆ ನಿಮ್ಮ ಬಾಗಿಲಿಗೆ ಒಂದು ಗಾಯವೂ ಇರದಂತೆ ಮಾಡಿಕೊಡುವುದು ನನ್ನ ಜವಾಬ್ದಾರಿ ಎಂದೆ. ಆಗಲಿ ಎಂದು ಅವರು ಜಗಲಿಗೆ ಮರಳಿದರು.

ಆಗ ಕುಳಿತು, ಮೊದಲೇ ಮಾಡಬೇಕಾಗಿದ್ದ ಪರೀಕ್ಷೆ ಮಾಡಿದೆ. ಅಡಿ ನಡುವೆ ತಗ್ಗಾಗಿತ್ತು. ಬಾಯಿ ನನ್ನ ಕಿರುಬೆರಳು ಹೋಗುವಷ್ಟು ಅಗಲ. ಅಲಗು ತಟ್ಟಿದರೆ ಒಡೆದ ಮಡಕೆಯ ದನಿ. ಯಾರೋ ಒಬ್ಬ ಜನರ ಅಭಿಮಾನಕ್ಕೆ ಬೆಲೆ ಕಟ್ಟಿ, ಕೆಟ್ಟ ಸಾಮಾನಿನ ಮೇಲೆ ರಾಟೆ ಒತ್ತಿ ಮಾರಿದ್ದ. ನನಗೆ ಮೋಸ ಮಾಡಿದವನು ಅವನು, ನನ್ನ ದೇಶವಲ್ಲ. ಈ ದೇಶದಲ್ಲಿ ಒಳ್ಳೆಯ ಹತ್ತರಿ ಸಿಗದಿದ್ದರೆ ಮಾಡಿಕೊಂಡರಾಯಿತು ಎಂದುಕೊಂಡೆ. ಹಾಗೆ ಅಂದುಕೊಂಡ ಮೇಲೆ ಮನಸ್ಸು ಹಗುರವಾಯಿತು.

ಬಡಗರ ಗುದ್ದಲಿ, ಕತ್ತಿಗಳನ್ನೆಲ್ಲ ಮಾಡಿಕೊಡುವವರು ಇದೇ ಬೆಟ್ಟದ ಕೋತರು. ಅವರ ಊರಿಗೆ ಹೋಗಿ ಒಬ್ಬ ಕಮ್ಮಾರನನ್ನು ಕಂಡೆ. ಬಹಳ ಗತ್ತಿನ ಮನುಷ್ಯ. ನನ್ನ ಅಲಗನ್ನು ಅಡೆಗಲ್ಲಿನ ಮೇಲಿಟ್ಟು ಒಂದು ಪೆಟ್ಟು ಕೊಟ್ಟ; ಅದು ವೀಳ್ಯದೆಲೆಯಂತೆ ಮಡಚಿತು.

"ಇದು ತಗಡು. ನನ್ನ ಹತ್ತಿರ ಇರುವುದು ಗುದ್ದಲಿಯ ಕಬ್ಬಿಣ, ಅದು ನಿನಗೆ ಆಗದು. ಒಳ್ಳೆಯ ಉಕ್ಕು ತಾ, ಅಲಗು ಮಾಡಿಕೊಡುತ್ತೇನೆ," ಎಂದ.

ಮನೆಗೆ ಬಂದು ನಡೆದದ್ದನ್ನು ಅಕ್ಕನಿಗೆ ಹೇಳಿದೆ. ಬಾಗಿಲಾಚೆ ಭಾವ ಕೇಳಿಸಿಕೊಂಡಿರಬೇಕು. ಬೆಳಿಗ್ಗೆ ನಾನು ಬೆಂಚಿನ ಹತ್ತಿರ ಹೋದರೆ ಅಲ್ಲಿ ಅಗಲವಾದ ಒಂದು ಹಳೆಯ ಅರ ಇತ್ತು, ಗರಗಸದ ಹಲ್ಲು ಉಜ್ಜಿ ಉಜ್ಜಿ ಸವೆದದ್ದು. ಭಾವ ಬೇರೆಲ್ಲೋ ನೋಡುತ್ತಾ ನಿಂತಿದ್ದರು.

"ಒಳ್ಳೆ ಉಕ್ಕು ಅದು. ಇಂಗ್ಲೆಂಡಿಂದು, ಈಗ್ಲೇ ಹೇಳಿವ್ನಿ. ಬ್ಯಾಡ ಅಂದ್ರೆ ಅಲ್ಲೇ ಬುಡು."

ಆಗ ಅಕ್ಕ ಒಲೆಯ ಹತ್ತಿರದಿಂದಲೇ ಹೇಳಿದಳು: "ನಾ ಮದ್ವೆಯಾಗಿ ಬಂದಾಗ್ನಿಂದ ಈ ಮನೇಲಿ ಗೇದದೆ ಅದು. ಇನ್ನೂ ಅದನ್ನ ಪರದೇಸಿ ಅಂತೀರಾ? ಇಬ್ರೂ ಬಂದು ಉಣ್ಣಿ."

ನಾನು ಅರವನ್ನು ಎತ್ತಿಕೊಂಡೆ. ನನ್ನ ಪ್ರತಿಜ್ಞೆ ಇದ್ದದ್ದು ಕೊಳ್ಳುವುದರ ಮೇಲೆ. ಮನೆಯಲ್ಲಿ ದುಡಿದು ಸವೆದದ್ದರ ಮೇಲಲ್ಲ.

ಕೋತರ ಊರಿಗೆ ಭಾವನೂ ಹೊರಟರು. ಉಕ್ಕು ತಮ್ಮದಾದ್ದರಿಂದ ಅದು ಕೆಡುವುದನ್ನು ನೋಡಲು ಬರುತ್ತೇನೆ ಎಂದರು. ಕುಲುಮೆಯ ಮುಂದೆ ನಿಂತು, ಇನ್ನೂ ಕೆಂಪಾಗಲಿ, ಸಾಕು ತೆಗೆ ಎಂದು ಹೇಳತೊಡಗಿದರು. ಕಮ್ಮಾರ, ಬಾಯಿಗಿಂತ ಕೈಗೆ ಕೆಲಸ ಕೊಡಿ ಎಂದು ಗಾಳಿಯೂದುವ ತಿದಿಯ ಹಗ್ಗವನ್ನು ಅವರ ಕೈಗೆ ಕೊಟ್ಟ. ಬಂಗಲೆಯ ದೊರೆಗಳಿಗೂ ಎದುರಾಡುತ್ತಿದ್ದ ನಮ್ಮ ಭಾವ ಮರುಮಾತಿಲ್ಲದೆ ಕುಕ್ಕರುಗಾಲಿನಲ್ಲಿ ಕುಳಿತು ತಿದಿ ಒತ್ತಿದರು. ಅಲಗು ಕಾಯ್ದು, ಪೆಟ್ಟು ತಿಂದು, ನೀರಿಗಿಳಿದು ಹದವಾಯಿತು. ಭಾವ ಅದನ್ನು ಉಗುರಿನಿಂದ ತಟ್ಟಿದರು. ಸಣ್ಣ ಗಂಟೆಯ ದನಿ ಬಂತು. ಕಮ್ಮಾರನಿಗೆ ಎಲೆಯಡಿಕೆಯ ಚೀಲ ಮುಂದೆ ಮಾಡಿದರು. ಅವರು ಹಾಗೆ ಮಾಡುವುದು ಅಪರೂಪ.

ಹತ್ತರಿಯ ಮೈಗೆ ಮಸಿನಗುಡಿ ಕಡೆಯ ಬೀಟೆ ಮರದ ತುಂಡು ನಮ್ಮಲ್ಲೇ ಇತ್ತು. ಅಳತೆ ಹಾಕಿ ಕೊರೆಯಲು ಕುಳಿತೆ. ಬಾಯಿ ತೆಗೆಯುವ ಹೊತ್ತಿಗೆ ಭಾವ ಬಂದು, "ನಾ ಕುಯ್ಲಾ?" ಎಂದರು.

"ಬ್ಯಾಡ ಭಾವ. ನಾನೇ ಕುಯ್ತೀನಿ."

ಅವರು ಎದುರಿಗೆ ಕುಳಿತರು. ನನ್ನ ಉಳಿ ಹೋದಲ್ಲೆಲ್ಲ ಅವರ ಕಣ್ಣು ಹೋಗುತ್ತಿತ್ತು. ಅಲಗು ಕೂರಿಸಿ, ಬೆಣೆ ಬಡಿದು, ತೇಗದ ಚೂರೊಂದರ ಮೇಲೆ ತಳ್ಳಿದೆ. ಈ ತುದಿಯಿಂದ ಆ ತುದಿಗೆ ತುಂಡಾಗದೆ ಒಂದು ಸುರುಳಿ ಎದ್ದಿತು. ಭಾವ ಅದನ್ನು ಎತ್ತಿ ಕಿಟಕಿಗೆ ಹಿಡಿದರು. ಆಚೆಯ ಬೆಳಕು ಅದರ ಮೂಲಕ ಕಾಣುತ್ತಿತ್ತು. ಒಡೆಯದಂತೆ ಅಂಗೈಯಲ್ಲಿಟ್ಟುಕೊಂಡು ಒಳಗೆ ಹೋದರು. "ನೋಡು ನಿನ್ ತಮ್ಮಂದು," ಎಂದು ಅಕ್ಕನಿಗೆ ಹೇಳಿದ್ದು ಕೇಳಿಸಿತು. ನಾನು ತಲೆ ತಗ್ಗಿಸಿಕೊಂಡು ಕೀಸುತ್ತಲೇ ಇದ್ದೆ. ಕಣ್ಣು ಒದ್ದೆಯಾಗಿತ್ತು.

ಹುಬ್ಬತಲೈಯ ಬಾಗಿಲುಗಳು ಒಳ್ಳೆಯದಾಗಿ ಬಂದವು. ಹಿರಿಯರು ಕಣ್ಣು ಮುಚ್ಚಿ ಹಲಗೆಯ ಮೇಲೆ ಅಂಗೈ ಎಳೆದರು. ಎಲ್ಲಿಯೂ ತಡೆಯಲಿಲ್ಲ. ಒಳಗಿನಿಂದ ಸೊಸೆಯನ್ನು ಕರೆದು ಅವಳ ಕೈಯಲ್ಲೂ ಮುಟ್ಟಿಸಿದರು. ಅಂದು ನನಗೆ ಅವರ ಮನೆಯಲ್ಲೇ ಊಟವಾಯಿತು.

ಆಮೇಲೆ ಕೂನೂರಿನ ಆಚಾರಿಯೊಬ್ಬ ಆ ಹತ್ತರಿಯನ್ನು ನೋಡಿ ತನಗೂ ಒಂದು ಬೇಕೆಂದ. ಅವನದನ್ನು ನೋಡಿ ಗೂಡಲೂರಿನವರು ಕೇಳಿದರು. ಸವೆದ ಅರ ಎಲ್ಲಿ ಸಿಕ್ಕಿದರೂ ತಂದು ಅದೇ ಕಮ್ಮಾರನಿಗೆ ಕೊಡುತ್ತಿದ್ದೆ. ಬಾಗಿಲು ಮಾಡುತ್ತಿದ್ದವನು ಕ್ರಮೇಣ ಹತ್ತರಿ ಮಾಡುವವನೇ ಆದೆ. ಭಾವ ಮಾತ್ರ ಕಡೆಯವರೆಗೂ ತಮ್ಮ ಕಬ್ಬಿಣದ ಹತ್ತರಿ ಬಿಡಲಿಲ್ಲ, ನಾನೂ ಬಿಡಿ ಎನ್ನಲಿಲ್ಲ. ಒಂದೇ ಬಾಗಿಲಿನ ಒಂದು ಮಗ್ಗುಲನ್ನು ಅವರು, ಇನ್ನೊಂದನ್ನು ನಾನು ಕೀಸಿದ್ದುಂಟು. ಯಾವುದು ಯಾರದೆಂದು ಹೇಳಿದವರಿಲ್ಲ.

ಒಂದು ಮಳೆಗಾಲದಲ್ಲಿ ಮಂಜೂರಿನಾಚೆಯ ತೋಟದ ದೊರೆಯೊಬ್ಬ ನಮ್ಮ ಕೊಟ್ಟಿಗೆಗೆ ಬಂದ. ಬಿಡುವಿನಲ್ಲಿ ತಾನೇ ಮರಗೆಲಸ ಮಾಡಿಕೊಳ್ಳುವವನು. ಅಲ್ಲಿನ ಮಂಜಿಗೆ ತನ್ನ ಕಬ್ಬಿಣದ ಹತ್ತರಿ ದಿನ ಬೆಳಗಾದರೆ ತುಕ್ಕು ಹಿಡಿಯುತ್ತದೆ, ನಿನ್ನ ಮರದ್ದೊಂದು ಮಾಡಿಕೊಡು ಎಂದ. ನನ್ನ ಜೊತೆ ಅಂದು ಕೈ ಎತ್ತಿದ್ದ ಗೆಳೆಯನೊಬ್ಬ ಅಲ್ಲೇ ಇದ್ದ. ದೊರೆ ಹೋಗುವವರೆಗೆ ತಡೆದುಕೊಂಡಿದ್ದು, ಪರಂಗಿಯವನಿಗೆ ಮಾರುತ್ತೀಯಾ ಎಂದು ಕೇಳಿದ.

"ನಾವು ಕೊಳ್ಳಾಕಿಲ್ಲ ಅಂದಿದ್ದು. ಮಾರಾಕಿಲ್ಲ ಅಂದಿದ್ವಾ?" ಎಂದೆ.

ಭಾವ ಗರಗಸಕ್ಕೆ ಅರ ಹಿಡಿಯುತ್ತಾ, ತಲೆ ಎತ್ತದೆ, "ಪಾಪ, ಆ ದೊರೆಗೆ ಸ್ವಂತ ದೇಸದ ಮೇಲೆ ಒಸಿನೂ ಅಭಿಮಾನ ಇಲ್ಲ ಕನ," ಎಂದರು. ಗೆಳೆಯನಿಗೂ ನಗು ತಡೆಯಲಾಗಲಿಲ್ಲ.

ಅಳತೆಗೆಂದು ದೊರೆ ತನ್ನ ಕೈಯನ್ನು ಹಲಗೆಯ ಮೇಲಿಟ್ಟು ಗೆರೆ ಎಳೆಸಿ ಹೋಗಿದ್ದ. ನನ್ನದಕ್ಕಿಂತ ದೊಡ್ಡ ಅಂಗೈ. ಅದರ ಮೇಲೆ ನನ್ನ ಕೈಯನ್ನಿಟ್ಟು ನೋಡಿದೆ. ಆಮೇಲೆ ಬೀಟೆಯ ರಾಶಿಯಿಂದ ಸ್ವಲ್ಪ ದಪ್ಪನೆಯ ತುಂಡನ್ನೇ ಆರಿಸಿಕೊಂಡು ಕೆಲಸಕ್ಕೆ ಕುಳಿತೆ.